ಆಕ್ಸಿಜನ್ ನಟ್ಟಿಗೆ ಎಣ್ಣೆ ಹಚ್ಚಬಹುದೇ?

ಪ್ರಶ್ನೆ: ಬೇಲೇಕೇರಿಯಲ್ಲಿ ಸಣ್ಣ ವೆಲ್ಡಿಂಗ್ ಅಂಗಡಿ ಹಾಕಿದ್ದೇನೆ. ಮೀನುಗಾರಿಕೆ ದೋಣಿಗಳ ಕೆಲಸವೇ ಹೆಚ್ಚು. ಗ್ಯಾಸ್ ಸೆಟ್ ಹಳೆಯದು, ಉಪ್ಪುಗಾಳಿಗೆ ಆಕ್ಸಿಜನ್ ರೆಗ್ಯುಲೇಟರಿನ ನಟ್ಟು ಬಿಗಿದುಕೊಂಡಿದೆ. ತೆಂಗಿನೆಣ್ಣೆ ಹಚ್ಚಿ ತಿರುಗಿಸಬಹುದೇ? ಅಸಿಟಿಲೀನ್ ಸಿಲಿಂಡರನ್ನು ಟೆಂಪೋದಲ್ಲಿ ಮಲಗಿಸಿ ತರುತ್ತಾರೆ, ತೊಂದರೆಯೇ? ಉರಿಯೂ ಆಗಾಗ ‘ಪಟ್’ ಎಂದು ಆರುತ್ತದೆ.
– ಓದುಗರು, ಅಂಕೋಲಾ ತಾಲೂಕು

ಉತ್ತರ: ಬೇಡ. ಒಂದು ಹನಿಯೂ ಬೇಡ.

ನಮ್ಮ ಕರಾವಳಿಯಲ್ಲಿ ತುಕ್ಕು ಕಂಡಲ್ಲೆಲ್ಲ ಎಣ್ಣೆ ಹಚ್ಚುವುದು ರೂಢಿ. ಕಾರವಾರದ ಬೈತಖೋಲ ಬಂದರಿನಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಎಂಜಿನ್ ಬಿಚ್ಚಿದ ಕೈಯಲ್ಲೇ ಸಿಲಿಂಡರ್ ಮುಟ್ಟುವವರು ಬಹಳ. ತುಂಬಿದ ಆಕ್ಸಿಜನ್ ಸಿಲಿಂಡರಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 150 ಕಿಲೋ ಒತ್ತಡವಿರುತ್ತದೆ. ವಾಲ್ವನ್ನು ಥಟ್ಟನೆ ತೆರೆದರೆ ರೆಗ್ಯುಲೇಟರಿಗೆ ನುಗ್ಗಿದ ಅನಿಲ ಅಲ್ಲಿ ಒತ್ತಿಕೊಂಡು ವಿಪರೀತ ಬಿಸಿಯಾಗುತ್ತದೆ. ಎಣ್ಣೆಯ ಪಸೆ ಇದ್ದರೆ ಕಿಡಿಯೇ ಇಲ್ಲದೆ ಹೊತ್ತಿಕೊಳ್ಳುತ್ತದೆ, ರೆಗ್ಯುಲೇಟರ್ ಸಿಡಿಯಬಹುದು. ಗ್ರೀಸ್, ಎಣ್ಣೆ ಕೈ, ಎಂಜಿನ್ ಒರೆಸಿದ ಚಿಂದಿಬಟ್ಟೆ ಯಾವುದೂ ಹತ್ತಿರ ಸುಳಿಯಬಾರದು. ನಟ್ಟು ಸವೆದಿದ್ದರೆ ಬದಲಿಸಿ. ಅದಕ್ಕೂ ಮೊದಲು ತಿರುಗಿಸುವ ದಿಕ್ಕು ನೋಡಿ: ಆಕ್ಸಿಜನ್ನಿನದು ಬಲಮರೆ (ಬಲಕ್ಕೆ ತಿರುಗಿಸಿದರೆ ಬಿಗಿ), ಅಸಿಟಿಲೀನಿನದು ಎಡಮರೆ (ಎಡಕ್ಕೆ ತಿರುಗಿಸಿದರೆ ಬಿಗಿ). ಎಡಮರೆಯ ನಟ್ಟಿನ ಅಂಚಿನಲ್ಲಿ ಗೀರು ಕೊರೆದಿರುತ್ತದೆ.

ರೆಗ್ಯುಲೇಟರ್ ಕೂರಿಸುವ ಮುನ್ನ, ಸುತ್ತ ಬೆಂಕಿ ಇಲ್ಲದಾಗ, ಬದಿಗೆ ನಿಂತು ವಾಲ್ವನ್ನು ಒಂದು ಕ್ಷಣ ತೆರೆದು ಮುಚ್ಚಿ. ಬಾಯಲ್ಲಿ ಕೂತ ಧೂಳು, ಉಪ್ಪು ಹಾರಿಹೋಗಲಿ. ಕೂರಿಸಿದ ಮೇಲೆ ಒತ್ತಡದ ಸ್ಕ್ರೂ ಸಡಿಲಿಸಿಟ್ಟೇ ನಿಧಾನವಾಗಿ ವಾಲ್ವ್ ತೆರೆಯಿರಿ. ಸೋರಿಕೆಯನ್ನು ಸಾಬೂನು ನೀರಿನಿಂದಲೇ ನೋಡಿ.

ಅಸಿಟಿಲೀನ್ ಸಿಲಿಂಡರಿನೊಳಗೆ ಅನಿಲ ಅಸಿಟೋನಿನಲ್ಲಿ ಕರಗಿರುತ್ತದೆ. ಮಲಗಿಸಿ ತಂದದ್ದನ್ನು ಕೂಡಲೇ ಬಳಸಿದರೆ ಅಸಿಟೋನೂ ಹೊರಬಂದು ರೆಗ್ಯುಲೇಟರ್, ಹೋಸ್ ಹಾಳಾಗುತ್ತವೆ. ಮಲಗಿದ್ದಷ್ಟು ಹೊತ್ತಾದರೂ ನಿಲ್ಲಿಸಿಡಿ, ರಾತ್ರಿಯಿಡೀ ನಿಂತರೆ ಇನ್ನೂ ಒಳ್ಳೆಯದು. ವಾಲ್ವ್ ಒಂದೂವರೆ ಸುತ್ತಿಗಿಂತ ಹೆಚ್ಚು ತೆರೆಯಬೇಡಿ, ಚಾವಿ ಅಲ್ಲೇ ಇರಲಿ. ಹೋಸಿಗೆ ಹೋಗುವ ಒತ್ತಡ 1 ಕಿಲೋ ದಾಟಬಾರದು, ದಾಟಿದರೆ ಈ ಅನಿಲ ತಾನಾಗಿಯೇ ಸಿಡಿಯಬಲ್ಲದು. ಹರಿದ ಹೋಸಿಗೆ ತಾಮ್ರದ ಕೊಳವೆಯ ಜೋಡಣೆ ಕಂಡರೆ ಇಂದೇ ಕಿತ್ತೆಸೆಯಿರಿ. ತಾಮ್ರದೊಡನೆ ಅಸಿಟಿಲೀನ್ ಸೇರಿ ಸ್ಫೋಟಕ ವಸ್ತು ಹುಟ್ಟುತ್ತದೆ.

‘ಪಟ್’ ಎನ್ನುವುದಕ್ಕೆ ಕಾರಣ ನಾಜಲ್ಲಿನ ಕೊಳೆ, ಅತಿ ಬಿಸಿ, ಕಡಿಮೆ ಒತ್ತಡ ಅಥವಾ ನಾಜಲ್ ಲೋಹಕ್ಕೆ ತಾಗುವುದು. ಬ್ಲೋಪೈಪಿನೊಳಗಿಂದ (ಕೈಯಲ್ಲಿ ಹಿಡಿಯುವ, ಉರಿ ಹೊರಡುವ ಕೊಳವೆ) ‘ಸುಂಯ್’ ಎಂಬ ಸದ್ದು ಬಂದರೆ ಮಾತ್ರ ಉರಿ ಒಳಗೆ ಹೊಕ್ಕಿದೆ ಎಂದರ್ಥ. ತಕ್ಷಣ ಮೊದಲು ಆಕ್ಸಿಜನ್, ನಂತರ ಅಸಿಟಿಲೀನ್ ಮುಚ್ಚಿ, ಆಮೇಲೆ ಸಿಲಿಂಡರುಗಳನ್ನೂ ಮುಚ್ಚಿ. ಹಳೆಯ ಸೆಟ್ಟಿನಲ್ಲಿ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್, ಅಂದರೆ ಒಳಹೊಕ್ಕ ಉರಿ ಸಿಲಿಂಡರಿನತ್ತ ಹೋಗದಂತೆ ತಡೆಯುವ ಸಾಧನ, ಇದೆಯೇ? ಇಲ್ಲದಿದ್ದರೆ ಎರಡೂ ರೆಗ್ಯುಲೇಟರಿಗೆ ಹಾಕಿಸುವವರೆಗೆ ಬೆಂಕಿ ಹಚ್ಚಬೇಡಿ. ದುಡ್ಡು ಉಳಿಸುವ ಜಾಗ ಇದಲ್ಲ.

ನೀವು ಕೇಳದ ಒಂದನ್ನೂ ಹೇಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರುಗಳಿಗೆ ನಿಷೇಧವಿರುವಾಗ ದುರಸ್ತಿ ಕೆಲಸ ಒಟ್ಟಿಗೆ ಬರುತ್ತದೆ. ಡೀಸೆಲ್ ಟ್ಯಾಂಕ್ ಖಾಲಿ ಕಂಡರೂ ಒಳಗೆ ಆವಿ ಇರುತ್ತದೆ, ಪೂರ್ತಿ ಶುಚಿ ಮಾಡಿಸದೆ ಉರಿ ತಾಗಿಸಬೇಡಿ. ಮೀನು ತುಂಬುವ ಕೋಣೆಯಲ್ಲಿ ಕೆಲಸ ಮಾಡುವಾಗ ಊಟಕ್ಕೆ ಎದ್ದರೂ ಬ್ಲೋಪೈಪನ್ನು ಹೊರಗೆ ತನ್ನಿ. ಸೆಖೆಗೆ ಆಕ್ಸಿಜನ್ನನ್ನು ಮೈಮೇಲೆ ಊದಿಕೊಳ್ಳುವ ಹುಡುಗರಿದ್ದರೆ ಕೂಡಲೇ ತಡೆಯಿರಿ: ಬಟ್ಟೆ ಅದನ್ನು ಹೀರಿಕೊಂಡಿರುತ್ತದೆ, ಆಮೇಲೆ ಒಂದೇ ಕಿಡಿ ಸಾಕು.