ಮಳೆಗಾಲದಲ್ಲಿ ನಿಂತುಹೋಗುವ ನಡಿಗೆ

ಪ್ರಶ್ನೆ: ನನಗೆ 46 ವರ್ಷ. ಪ್ರತಿ ಬೇಸಿಗೆಯಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಬೆಳಗಿನ ನಡಿಗೆಯನ್ನು ಹುರುಪಿನಿಂದ ಆರಂಭಿಸುತ್ತೇನೆ. ಜೂನ್‌ನಲ್ಲಿ ಮಳೆ ಹಿಡಿದೊಡನೆ ಅದು ನಿಂತುಹೋಗುತ್ತದೆ; ಮತ್ತೆ ಮನಸ್ಸೇ ಬರುವುದಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಕಾರವಾರ

ಉತ್ತರ: ನಿಮ್ಮ ಹುರುಪಿಗೆ ಕೊರತೆಯೇನಿಲ್ಲ, ಅದನ್ನು ಕಡಲತೀರವೊಂದಕ್ಕೇ ಕಟ್ಟಿಹಾಕಿದ್ದೀರಿ, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಸೂಚಿಸಿದೆ. ಎಂದರೆ, ಮಾತನಾಡಲು ಸಾಧ್ಯವಾದರೂ ಹಾಡಲು ಉಸಿರು ಸಾಲದಷ್ಟು ಬಿರುಸು. ಒಂದೇ ಸಮನೆ 10 ನಿಮಿಷವಾದರೂ ನಡೆಯಬೇಕೆಂಬ ಹಳೆಯ ಷರತ್ತನ್ನು 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿರುವುದರಿಂದ, ಮಳೆ ಬಿಡುವು ಕೊಟ್ಟ ಏಳೆಂಟು ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ಹೊರಗೆ ಕಾಲಿಡಲಾಗದ ದಿನ ಜಗುಲಿಯಲ್ಲೇ ಬಿರುಸಾಗಿ ನಡೆಯಿರಿ. ವಾರಕ್ಕೆರಡು ದಿನ ಸ್ನಾಯುಗಳ ಬಲಕ್ಕಾಗಿ, ಕೈಯೂರದೆ ಕುರ್ಚಿಯಿಂದ ಹತ್ತು ಬಾರಿ ಎದ್ದು ಕುಳಿತುಕೊಳ್ಳಿ. ಚಹಾದ ನೀರನ್ನು ಒಲೆಯ ಮೇಲಿಟ್ಟು ಅದು ಕುದಿಯುವುದರೊಳಗೆ ಇದನ್ನು ಮುಗಿಸುವ ರೂಢಿ ಮಾಡಿಕೊಂಡರೆ, ಮನಸ್ಸು ಬರಲೆಂದು ಕಾಯಬೇಕಾದ ಪ್ರಸಂಗವೇ ಬಾರದು. ಅನ್ನ, ಮೀನುಸಾರು ಬಿಡಬೇಕೆಂದು ಯಾರಾದರೂ ಹೆದರಿಸಿದರೆ ಕಿವಿಗೊಡಬೇಡಿ. ಹುರಿದ ಬಂಗಡೆಯನ್ನು ಮಾತ್ರ ಎಣಿಸಿ ಬಡಿಸಿಕೊಳ್ಳಿ. ಎದೆನೋವು ಅಥವಾ ಅಧಿಕ ರಕ್ತದೊತ್ತಡವಿದ್ದರೆ ಇವೆಲ್ಲಕ್ಕೂ ಮೊದಲು ವೈದ್ಯರನ್ನು ಕಾಣಿರಿ.