ಜಾಮ್‌ನಲ್ಲಿ ಕಾಲು ಸುಡುತ್ತದೆ, ಬೈಕ್ ಬದಲಿಸಬೇಕಾ?

ಪ್ರಶ್ನೆ: ನನ್ನದು 650 ಸಿಸಿ, ಎರಡು ಸಿಲಿಂಡರ್ ಬೈಕ್. ಏರ್-ಆಯಿಲ್ ಕೂಲ್ಡ್ ಎಂಜಿನ್. ಬೆಂಗಳೂರಿನ ಔಟರ್ ರಿಂಗ್ ರೋಡ್ ಜಾಮ್‌ನಲ್ಲಿ ಸಿಕ್ಕಿಕೊಂಡರೆ ಮೊಣಕಾಲು, ತೊಡೆ ಸುಡುತ್ತವೆ. ದಪ್ಪ ಆಯಿಲ್ ಹಾಕಿಸಿ ಅಂತಾರೆ ಮೆಕ್ಯಾನಿಕ್. ಇದನ್ನು ಮಾರಿ ಲಿಕ್ವಿಡ್ ಕೂಲ್ಡ್ ಬೈಕ್ ತಗೋ ಅಂತಾನೆ ಗೆಳೆಯ. ಏನು ಮಾಡಲಿ ಸರ್?

ಉತ್ತರ: ಈ ಒಂದೇ ಕಾರಣಕ್ಕೆ ಬೈಕ್ ಮಾರಬೇಡಿ. ನಿಮ್ಮ ಕಾಲಿಗೆ ತಾಗುವ ಬಿಸಿ ಬೇರೆ, ಎಂಜಿನ್‌ಗೆ ಕುತ್ತು ತರುವ ಬಿಸಿ ಬೇರೆ. ಎರಡೂ ಒಂದೇ ಅಂದುಕೊಂಡು ಜನ ಸುಮ್ನೆ ದುಡ್ಡು ಸುರಿಯುತ್ತಾರೆ.

ಪೆಟ್ರೋಲ್ ಉರಿದು ಬರುವ ಶಕ್ತಿಯಲ್ಲಿ ಓಟಕ್ಕೆ ಸಿಗುವುದು ಹೆಚ್ಚೆಂದರೆ ಮೂರನೇ ಒಂದು ಪಾಲು. ಉಳಿದದ್ದೆಲ್ಲ ಬಿಸಿಯಾಗಿ ಹೊರಗೆ ಹೋಗಲೇಬೇಕು. ಲಿಕ್ವಿಡ್ ಕೂಲ್ಡ್ ಬೈಕಿನಲ್ಲಿ ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್ ಇದ್ದರೂ ಆ ಬಿಸಿ ಮಾಯವಾಗುವುದಿಲ್ಲ, ಎಂಜಿನ್‌ನಿಂದ ರೇಡಿಯೇಟರ್‌ಗೆ ಜಾಗ ಬದಲಿಸುತ್ತದೆ ಅಷ್ಟೇ. ಸಿಗ್ನಲ್‌ನಲ್ಲಿ ನಿಂತಾಗ ಫ್ಯಾನ್ ಶುರುವಾದರೆ ಆ ಬಿಸಿಗಾಳಿ ಎಷ್ಟೋ ಬೈಕ್‌ಗಳಲ್ಲಿ ಬರುವುದು ಸವಾರನ ಕಾಲಿನ ಕಡೆಗೇ. ಲಿಕ್ವಿಡ್ ಕೂಲಿಂಗ್‌ನಿಂದ ಎಂಜಿನ್‌ನ ಬಿಸಿ ಹಿಡಿತದಲ್ಲಿರುತ್ತದೆ, ನಿಜ. ಆದರೆ ನಿಮ್ಮ ತೊಡೆ ತಣ್ಣಗಿರುತ್ತದೆ ಅಂತ ಯಾರೂ ಗ್ಯಾರಂಟಿ ಕೊಡಲಾರರು.

ಎಂಜಿನ್ ಮಾಡುವವರ ತಲೆನೋವೆಲ್ಲ ಸಿಲಿಂಡರ್ ಹೆಡ್‌ನದು, ಅಂದರೆ ಸಿಲಿಂಡರ್ ಮೇಲಿನ ಮುಚ್ಚಳದ್ದು, ಅದರಲ್ಲೂ ಸುಟ್ಟ ಹೊಗೆ ಹೊರಹೋಗುವ ಎಕ್ಸಾಸ್ಟ್ ವಾಲ್ವ್ ಸುತ್ತಲಿನ ಜಾಗದ್ದು. ಬಿಎಂಡಬ್ಲ್ಯು 1923ರ ಆರ್32 ಬೈಕಿನಲ್ಲೇ ಎರಡೂ ಸಿಲಿಂಡರ್‌ಗಳನ್ನು ಎಡಕ್ಕೊಂದು ಬಲಕ್ಕೊಂದು ಚಾಚಿ ಗಾಳಿಗೆ ಒಡ್ಡಿತು. ಸುಜುಕಿ 1985ರ ಜಿಎಸ್ಎಕ್ಸ್-ಆರ್750ಗೆ ಬೇರೆಯೇ ದಾರಿ ಹಿಡಿಯಿತು: ಜಾಸ್ತಿ ಆಯಿಲನ್ನು ಹೆಡ್ ಮೇಲೆ, ಪಿಸ್ಟನ್ ಅಡಿಗೆ ಚಿಮ್ಮಿಸುವುದು. ಹಾರ್ಲೆ-ಡೇವಿಡ್ಸನ್ ಕಂಪನಿಯದು ಇನ್ನೂ ಕಷ್ಟ. ಅದರ 45 ಡಿಗ್ರಿ ವಿ-ಟ್ವಿನ್‌ನಲ್ಲಿ (ವಿ ಆಕಾರದಲ್ಲಿ ಕೂರಿಸಿದ ಎರಡು ಸಿಲಿಂಡರ್ ಎಂಜಿನ್) ಹಿಂದಿನ ಸಿಲಿಂಡರ್ ಮುಂದಿನದರ ಮರೆಯಲ್ಲಿ, ಸವಾರನ ತೊಡೆಯ ಹತ್ತಿರವೇ ಕೂತಿರುತ್ತದೆ, ಹಾಗಾಗಿ ಅದಕ್ಕೆ ಒಳ್ಳೆಯ ಗಾಳಿ ಸಿಗುವುದೇ ಕಡಿಮೆ. ಅದಕ್ಕೇ ಅವರ ದೊಡ್ಡ ಬೈಕ್‌ಗಳಲ್ಲಿ ನಿಂತಾಗ ಬಿಸಿ ಏರಿದರೆ ಹಿಂದಿನ ಸಿಲಿಂಡರ್‌ಗೆ ಪೆಟ್ರೋಲ್ ನಿಲ್ಲಿಸುವ ವ್ಯವಸ್ಥೆ ಮಾಡಿದರು. 2016ರಲ್ಲಿ ಬಂದ ಮಿಲ್ವಾಕಿ-ಎಯ್ಟ್ ಎಂಜಿನ್‌ನಲ್ಲಿ ಎಕ್ಸಾಸ್ಟ್ ವಾಲ್ವ್‌ಗಳ ಸುತ್ತಲೇ ಆಯಿಲ್ ಅಥವಾ ಕೂಲಂಟ್ ಹರಿಯುತ್ತದೆ, ಅದು ಮಾಡೆಲ್ ಮೇಲೆ ಹೋಗುತ್ತದೆ. ನನಗೆ ಈ ಯೋಚನೆ ತುಂಬಾ ಇಷ್ಟ. ಇಡೀ ಎಂಜಿನ್ ತಣಿಸುವುದಕ್ಕಿಂತ ಸುಡುವ ಜಾಗವನ್ನೇ ಹುಡುಕಿ ತಣಿಸುವುದು ಎಷ್ಟು ಜಾಣತನ, ಅಲ್ವಾ?

ಈಗ ನಿಮ್ಮ ಬೈಕ್. ದಪ್ಪ ಆಯಿಲ್ ಬೇಡವೇ ಬೇಡ. ಅದು ಆಯಿಲ್ ತಣಿಸುವ ಕೂಲರ್‌ನ ಸಣ್ಣ ದಾರಿಗಳಲ್ಲಿ ಹರಿಯಲು ಒದ್ದಾಡುತ್ತದೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಹೆಡ್ ತಲುಪುವುದೂ ತಡ. ಮ್ಯಾನುಯಲ್‌ನಲ್ಲಿರುವ ಗ್ರೇಡ್ ಹಾಕಿಸಿ, ಮಟ್ಟ ಸರಿಯಾಗಿದೆಯಾ ಅಂತ ಆಗಾಗ ನೋಡುತ್ತಿರಿ. ನಿಮ್ಮ ಎಂಜಿನ್‌ನಲ್ಲಿ ಬಿಸಿ ಹೊರುವ ಕೆಲಸವೂ ಆಯಿಲ್‌ನದೇ.

ಆಮೇಲೆ ಎಂಜಿನ್ ಪೂರ್ತಿ ಆರಿದ ಮೇಲೆ ಟಾರ್ಚ್ ಹಿಡಿದು ಆಯಿಲ್ ಕೂಲರ್ ನೋಡಿ. ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿಗಳ ಸಂದಿಯಲ್ಲಿ ಒಣಗಿದ ಕೆಸರು, ಸತ್ತ ಹುಳು ಮೆತ್ತಿಕೊಂಡಿರುತ್ತವೆ. ಮೆತ್ತನೆ ಬ್ರಷ್, ನಿಧಾನ ನೀರು ಸಾಕು. ವಾಟರ್ ಸರ್ವಿಸ್‌ನ ಪ್ರೆಶರ್ ಗನ್ ಹತ್ತಿರದಿಂದ ಬಿಟ್ಟರೆ ಆ ಪಟ್ಟಿಗಳೇ ಮಡಚಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ. ಕ್ರ್ಯಾಶ್ ಗಾರ್ಡ್‌ಗೆ ಬ್ಯಾಗು, ದೊಡ್ಡ ಫಾಗ್ ಲ್ಯಾಂಪ್ ಕಟ್ಟಿ ಕೂಲರ್‌ಗೆ ಅಡ್ಡ ಮಾಡಿದ್ದರೆ ಮೊದಲು ಅದನ್ನು ಬಿಚ್ಚಿ.

ಗಾಡಿಗಳು ಅಲುಗಾಡದೆ ನಿಂತಿದ್ದರೆ ಎಂಜಿನ್ ಆಫ್ ಮಾಡಿ. ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ತಿರುಚುತ್ತಾ ಕೂತರೆ ಬಿಸಿ ಏರುತ್ತದೆ, ಗಾಳಿ ಮಾತ್ರ ಸಿಗುವುದಿಲ್ಲ. ಬಿಸಿ ಎಂಜಿನ್ ಮೇಲೆ ನೀರು ಸುರಿಯಬೇಡಿ. ಕಾಲಿಗೆ ದಪ್ಪ ಬಟ್ಟೆಯ ರೈಡಿಂಗ್ ಪ್ಯಾಂಟ್ ಹಾಕಿ, ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನು ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್‌ನಿಂದ ಕಟಕಟ ಸದ್ದು, ಪಿಕಪ್ ಬೀಳುವುದು, ಆಯಿಲ್ ಸುಟ್ಟ ವಾಸನೆ, ಇವುಗಳಲ್ಲಿ ಒಂದು ಕಂಡರೂ ಬದಿಗೆ ನಿಲ್ಲಿಸಿ ಆರಲು ಬಿಡಿ, ಆಯಿಲ್ ಮಟ್ಟ ನೋಡಿ, ಆಮೇಲೆ ಸರ್ವಿಸ್‌ನವರಿಗೆ ತೋರಿಸಿ. ಇದ್ಯಾವುದೂ ಇಲ್ಲ, ಬರೀ ಕಾಲು ಸುಡುತ್ತದೆ ಅಂದರೆ ನಿಮ್ಮ ಎಂಜಿನ್ ತನ್ನ ಕೆಲಸ ತಾನು ಮಾಡುತ್ತಿದೆ.