ಮಣ್ಣು ತುಂಬಿದ ಚೀಲಗಳ ಗೋಡೆ ಮಳೆಗೆ ನಿಲ್ಲುತ್ತದೆಯೇ? 4×3 ಮೀಟರ್ ಕೋಣೆಗೆ ಎಷ್ಟು ಚೀಲ ಬೇಕು, ಯಾವ ಚೀಲ ಒಳ್ಳೆಯದು?

ನಿಲ್ಲುತ್ತದೆ, ಆದರೆ ಚೀಲದ ಬಲದಿಂದಲ್ಲ. ಚೀಲ ಬರೀ ಅಚ್ಚು. ಒಳಗಿನ ಮಣ್ಣು ದಿಮ್ಮಸಿನ (ನೆಲ ಬಡಿಯುವ ಭಾರದ ಸಾಧನ) ಪೆಟ್ಟು ತಿಂದು ಒಣಗಿ ಗಟ್ಟಿಯಾದ ಮೇಲೆ ಚೀಲ ಹರಿದರೂ ಗೋಡೆ ಅಲುಗಬಾರದು. ಆದ್ದರಿಂದ ಮೊದಲು ಮಣ್ಣು ನೋಡಿ, ಚೀಲ ಆಮೇಲೆ.

ಬೇರು, ಕಸ ಇರುವ ಮೇಲ್ಮಣ್ಣು ಬೇಡ. ಎರೆಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ, ಅದೂ ಬೇಡ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಡಿ. ಮರಳು ತಳದಲ್ಲಿ, ಜೇಡಿ ಮೇಲೆ ಕೂರುತ್ತದೆ. ಜೇಡಿ 20ರಿಂದ 30 ಶೇಕಡಾ ಇದ್ದರೆ ಸಾಕು, ಹೆಚ್ಚಿದ್ದರೆ ಮರಳು ಬೆರೆಸಿ. ಹದ ನೋಡಲು ಉಂಡೆ ಕಟ್ಟಿ ಎದೆಯ ಎತ್ತರದಿಂದ ಬೀಳಿಸಿ: ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಹೆಚ್ಚಾಯಿತು, ನಾಲ್ಕೈದು ಹೆಂಟೆಯಾದರೆ ಸರಿ. ಹೆಚ್ಚಿನವರು ಎಡವುವುದು ಇಲ್ಲೇ. ಒದ್ದೆ ಮಣ್ಣು ತುಂಬಲು ಸುಲಭ, ಆದರೆ ಎಷ್ಟು ಹೊಡೆದರೂ ಜೆಲ್ಲಿಯಂತೆ ಅದುರುತ್ತದೆಯೇ ಹೊರತು ಬಿಗಿಯಾಗುವುದಿಲ್ಲ.

ಲೆಕ್ಕಕ್ಕೆ ಬರೋಣ. 45×75 ಸೆಂಟಿಮೀಟರಿನ ನೇಯ್ದ ಪಾಲಿಪ್ರೊಪಿಲೀನ್ ಚೀಲ (ಅಕ್ಕಿ ತುಂಬುವಂಥ ಪ್ಲಾಸ್ಟಿಕ್ ಚೀಲ) ಒಳ್ಳೆಯದು. ಅದನ್ನು ತುಂಬಿ ಬಡಿದಾಗ ಸುಮಾರು 50 ಸೆಂ.ಮೀ. ಉದ್ದ, 38 ಅಗಲ, 12 ದಪ್ಪ ಬರುತ್ತದೆ. ನಿಮ್ಮ ಕೋಣೆಯ ಸುತ್ತಳತೆ ಗೋಡೆಯ ನಡುಗೆರೆಯಲ್ಲಿ 15.5 ಮೀಟರ್. 2.4 ಮೀಟರ್ ಎತ್ತರಕ್ಕೆ 20 ವರಸೆ (ಚೀಲಗಳ ಸಾಲು), ವರಸೆಗೆ 31 ಚೀಲ. ಬಾಗಿಲು ಕಿಟಕಿ ಕಳೆದರೆ 560ರ ಆಸುಪಾಸು. ಮುಂದೆ ಹೇಳುವ ಆಸರೆಗಂಬ, ಜೋಡಿ ಚೀಲಗಳಿಗೂ ಸೇರಿಸಿ 700 ತರಿಸಿ. ಸಡಿಲ ಮಣ್ಣು 17 ಘನ ಮೀಟರ್ ಬೇಕಾದೀತು. ಪ್ರತಿ ವರಸೆಯ ನಡುವೆ ಎರಡೆಳೆ ಮುಳ್ಳುತಂತಿ, ಒಟ್ಟು 600 ಮೀಟರ್. ತಂತಿ ಬಿಟ್ಟು ಕಟ್ಟುವುದು ಗಾರೆ ಇಲ್ಲದೆ ಇಟ್ಟಿಗೆ ಜೋಡಿಸಿದ ಹಾಗೆ, ಚೀಲಗಳು ಒಂದರ ಮೇಲೊಂದು ಜಾರುತ್ತವೆ.

ತುಂಬಿದ ಚೀಲ 40 ಕಿಲೋ ದಾಟುತ್ತದೆ. ಎತ್ತಿ ಇಡುವ ಸಾಹಸ ಬೇಡ, ಕೂರಬೇಕಾದ ಜಾಗದಲ್ಲೇ ಬಕೆಟ್ಟಿನಿಂದ ತುಂಬಿ, ಬಾಯಿ ಮಡಚಿ ಹಿಂದಿನ ಚೀಲಕ್ಕೆ ಒತ್ತಿಸಿ. ಸಂದುಗಳು ಒಂದರ ಮೇಲೊಂದು ಬಾರದಿರಲಿ. ವರಸೆ ಮುಗಿದ ಮೇಲೆ ದಿಮ್ಮಸಿನ ಸದ್ದು ಮಂದದಿಂದ ಟಣ್ ಎನ್ನುವವರೆಗೆ ಬಡಿದು ಮಟ್ಟ ನೋಡಿ. 4 ಮೀಟರಿನ ನೇರ ಗೋಡೆಗೆ ನಡುವೆ ಒಂದು ಆಸರೆಗಂಬ ಹೆಣೆಯಲೇಬೇಕು. ಇಲ್ಲದಿದ್ದರೆ ನಾಲ್ಕಡಿ ದಾಟುವಾಗಲೇ ಹೊಟ್ಟೆ ಬಿಡಲು ಶುರುವಾದೀತು. ದುಂಡು ಗೋಡೆಗೆ ಈ ತಾಪತ್ರಯ ಕಡಿಮೆ.

ಇನ್ನು ಮಳೆ. ನೆಲಮಟ್ಟದ ಮೇಲಿನ ಮೊದಲ ಎರಡು ವರಸೆಗೆ ಮಣ್ಣಲ್ಲ, ಒಂದರೊಳಗೊಂದು ಹಾಕಿದ ಜೋಡಿ ಚೀಲದಲ್ಲಿ ಜಲ್ಲಿ ತುಂಬಿ. ನೆಲದ ತೇವ ಅಲ್ಲೇ ನಿಲ್ಲುತ್ತದೆ. ಚಾವಣಿ ಗೋಡೆಯಿಂದ 60 ಸೆಂ.ಮೀ. ಆದರೂ ಹೊರಚಾಚಲಿ. ಇದೇ ಕಾರಣಕ್ಕೆ, ಇರಾನ್ ಮೂಲದ ವಾಸ್ತುಶಿಲ್ಪಿ ನಾದಿರ್ ಖಲೀಲಿ ಉದ್ದ ಚೀಲಗಳಿಂದ ಸುತ್ತಿ ಕಟ್ಟುತ್ತಿದ್ದ ಗುಮ್ಮಟಗಳು ಎಷ್ಟೇ ಚೆಂದವಿದ್ದರೂ, ಸೂರು ಇಲ್ಲದ ಆ ಆಕಾರವನ್ನು ಜಡಿಮಳೆಯ ಊರಿಗೆ ನಾನು ಹೇಳುವುದಿಲ್ಲ.

ಚೀಲದ ನಿಜವಾದ ಶತ್ರು ಬಿಸಿಲು. ಕೆಲವೇ ತಿಂಗಳಲ್ಲಿ ಎಳೆ ಪುಡಿಯಾಗುತ್ತದೆ, ಕಟ್ಟುವಾಗಲೂ ತಾಡಪಾಲು ಮುಚ್ಚಿಡಿ. ಗಿಲಾವಿಗೆ ಮೊದಲು ಚೀಲಗಳ ನಡುವಿನ ತಗ್ಗುಗಳಿಗೆ ಹುಲ್ಲು ಬೆರೆಸಿದ ಮಣ್ಣು ತುರುಕಿ, ಒಣಗಿದ ಮೇಲೆ ಸುಣ್ಣದ ಗಾರೆ ಬಳಿಯಿರಿ. ಸಿಮೆಂಟು ಗಿಲಾವು ಬಿರುಕು ಬಿಟ್ಟರೆ ಒಳಗೆ ಹೋದ ನೀರು ಹೊರಬರುವುದು ಕಷ್ಟ.